ಎಳೆದರೆ ನಾಯಿಮರಿ ಕೂತುಬಿಡುವುದು ಯಾಕೆ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಎಷ್ಟು ಹೊಸದು ಅಂದರೆ, ಬೆಟ್ಟದ ಮೇಲೆ ಕೈಯಿಟ್ಟರೆ ಬೆರಳಿನ ಗುರುತು ಮೂಡುತ್ತಿತ್ತು. ಹೊಳೆಗೆ ತನ್ನ ದಾರಿ ಯಾವುದೆಂದು ಗೊತ್ತಿರಲಿಲ್ಲ. ಒಂದು ದಿನ ಇತ್ತ ಹರಿಯುತ್ತಿತ್ತು, ಮಾರನೆ ದಿನ ತಪ್ಪಾಯಿತೆಂದು ಅತ್ತ ಹರಿಯುತ್ತಿತ್ತು. ಕಲ್ಲಿಗೂ ಮಾತು ಬರುತ್ತಿತ್ತು, ಗಾಳಿಗೂ ಮಾತು ಬರುತ್ತಿತ್ತು. ನಿನ್ನಷ್ಟು ಮಾತಾಡುತ್ತಿರಲಿಲ್ಲ ಮಗು, ಅಷ್ಟೇ.

ಆಗ ಎಲ್ಲರಿಗೂ ಮೈ ಹಂಚಿದರಂತೆ. ಆನೆಗೆ ದೊಡ್ಡ ಮೈ ಸಿಕ್ಕಿತು, ಇರುವೆಗೆ ಸಣ್ಣ ಮೈ ಸಿಕ್ಕಿತು. ಮೀನಿಗೆ ಜಾರುವ ಮೈ, ಮುಳ್ಳುಹಂದಿಗೆ ಚುಚ್ಚುವ ಮೈ. ಯಾರು ಹಂಚಿದರು ಎಂದು ಕೇಳಬೇಡ, ನಾನೇನು ಆ ಸಾಲಿನಲ್ಲಿ ನಿಂತಿದ್ದೆನೇ?

ಮಂಜು ಮಾತ್ರ ಹೊಳೆಯ ಮೇಲೆ ಮಲಗಿ ನಿದ್ದೆ ಹೊಡೆಯುತ್ತಿತ್ತು. ಅದು ಎದ್ದು ಬರುವಷ್ಟರಲ್ಲಿ ಮೈಗಳೆಲ್ಲ ಖಾಲಿಯಾಗಿದ್ದವು. ಮಂಜಿಗೆ ಕೈ ಸಿಗಲಿಲ್ಲ, ಕಾಲು ಸಿಗಲಿಲ್ಲ. ಬಿಸಿ ರಕ್ತವೂ ಸಿಗಲಿಲ್ಲ, ಸ್ವಂತ ದನಿಯೂ ಸಿಗಲಿಲ್ಲ. ಅದಕ್ಕೆ ಹೊಟ್ಟೆಯೇ ಇಲ್ಲದಿದ್ದರೂ ಹೊಟ್ಟೆಕಿಚ್ಚು ಮಾತ್ರ ಬಂತು. ಯಾವಾಗಲೂ ಚಳಿ ಚಳಿ ಎನ್ನುತ್ತಾ, ಯಾರದಾದರೂ ಬಿಸಿ ಮೈ ಸಿಕ್ಕರೆ ಸಾಕೆಂದು ಅದು ಕಾಯುತ್ತಿತ್ತು.

ಹೊಳೆಯ ಪಕ್ಕ ಜನರ ಹೊಲಗಳಿದ್ದವು. ಗುಡಿಸಲುಗಳು ದೂರದ ದಿಣ್ಣೆಯ ಮೇಲಿದ್ದವು. ನಡುವೆ ಒಂದು ತಗ್ಗು. ಚಳಿಗಾಲದಲ್ಲಿ ಹೊತ್ತು ಬೇಗ ಇಳಿಯುತ್ತಿತ್ತು. ಜನ ಕೆಲಸ ಮುಗಿಸಿ ಏಳುವಷ್ಟರಲ್ಲಿ ಮಂಜು ಬಂದು ಆ ತಗ್ಗಿನಲ್ಲಿ ಕೂತಿರುತ್ತಿತ್ತು. ಅದನ್ನು ದಾಟದೆ ಮನೆ ಸೇರುವಂತಿರಲಿಲ್ಲ.

ಮಂಜಿಗೆ ಸ್ವಂತ ದನಿ ಇರಲಿಲ್ಲ ಎಂದೆನಲ್ಲ, ಆದರೆ ಅದು ದನಿ ಕದಿಯುತ್ತಿತ್ತು. ಅದರೊಳಗೆ ಬಿದ್ದ ಮಾತು ಅಲ್ಲೇ ಉಳಿದುಬಿಡುತ್ತಿತ್ತು. ಒಂದು ಸಂಜೆ ಒಬ್ಬ ಗಂಡ ತನ್ನ ಹೆಂಡತಿಯನ್ನು ಕೂಗಿದ, "ಇತ್ತ ಬಾರೇ." ಅವತ್ತು ಇಬ್ಬರೂ ಮನೆ ಸೇರಿದರು. ಮಾರನೆ ಸಂಜೆ ಗಂಡ ಮುಂದೆ ನಡೆಯುತ್ತಿದ್ದ, ಹೆಂಡತಿ ಹಿಂದಿದ್ದಳು. ಹೊಳೆಯ ಕಡೆಯಿಂದ ಮಂಜು ಅದೇ ದನಿಯಲ್ಲಿ ಕರೆಯಿತು, "ಇತ್ತ ಬಾರೇ."

ಅವಳು ಹೋದಳು. ಬೆಳಿಗ್ಗೆ ನೋಡಿದರೆ ಹೆಜ್ಜೆಗುರುತು ಹೊಳೆಯ ದಂಡೆಯವರೆಗೆ ಇತ್ತು. ಆಮೇಲೆ ಇರಲಿಲ್ಲ.

ಆ ಊರಿನಲ್ಲಿ ಲಕ್ಕವ್ವ ಎಂಬ ಗಟ್ಟಿ ಮುದುಕಿ ಇದ್ದಳು. ಅವಳ ಮಾತೆಂದರೆ ಮಾತು. ಪುಂಡಿಯ ಗಿಡ ತಂದು ನೀರಲ್ಲಿ ನೆನೆಹಾಕಿ, ನಾರು ಸುಲಿದು, ತೊಡೆಯ ಮೇಲೆ ಹೊಸೆದು ಹೊಸೆದು ಅವಳೊಂದು ಉದ್ದನೆಯ ಹಗ್ಗ ಮಾಡಿದಳು. ಲೋಕದ ಮೊದಲ ಹಗ್ಗ ಅದೇ ಅಂತೆ. ಮಾಡಿ ಮುಗಿಸಿ ಊರಿನವರನ್ನೆಲ್ಲ ಕರೆದಳು.

"ಮಂಜಿನೊಳಗೆ ಯಾರೂ ಬಾಯಿ ಬಿಡಬ್ಯಾಡಿ. ಯಾರು ಕರೆದ್ರೂ ಕೇಳಬ್ಯಾಡಿ. ನಾನು ಮುಂದೆ ನಡೀತೀನಿ, ನೀವು ಹಿಂದೆ ಹಗ್ಗ ಹಿಡ್ಕಂಡು ಬನ್ನಿ. ಹಗ್ಗ ಎಳೆದ ಕಡೆ ಕಾಲು ಹಾಕಿ. ಬಾಯಿ ಸುಳ್ಳು ಹೇಳ್ತದೆ, ಹಗ್ಗ ಹೇಳಾಕಿಲ್ಲ," ಎಂದಳು.

ಅಂದಿನಿಂದ ಅದೇ ಪದ್ಧತಿಯಾಯಿತು. ಸಂಜೆಯಾದರೆ ಊರಿಗೆ ಊರೇ ಹಗ್ಗ ಹಿಡಿದು ತಗ್ಗಿಗೆ ಇಳಿಯುತ್ತಿತ್ತು. ಮಾತಿಲ್ಲ, ಕತೆಯಿಲ್ಲ. ಕೆಮ್ಮು ಬಂದರೂ ಸೆರಗು ಕಚ್ಚಿಕೊಳ್ಳುತ್ತಿದ್ದರು. ಮುಂದಿರುವವರ ಬೆನ್ನು ಕೂಡ ಕಾಣದ ಆ ಬಿಳಿಯೊಳಗೆ ಅಂಗೈಯಲ್ಲಿರುವ ಹಗ್ಗವೊಂದೇ ದಿಕ್ಕು. ಹಗ್ಗ ಎಳೆಯುತ್ತಿತ್ತು, ಅವರು ನಡೆಯುತ್ತಿದ್ದರು. ದಿಣ್ಣೆ ಹತ್ತಿ, ಬೆಂಕಿಯ ಬೆಳಕು ಕಂಡ ಮೇಲೆಯೇ ಉಸಿರು ಬಿಡುತ್ತಿದ್ದರು.

ಎಲ್ಲ ಸರಿಯಾಯಿತು ಎಂದುಕೊಂಡರು. ಆದರೆ ಒಂದು ಚಳಿಗಾಲದ ಸಂಜೆ ಹಗ್ಗದ ಕೊನೆ ಬರಿದಾಗಿ ಮನೆಗೆ ಬಂತು. ಕೊನೆಯಲ್ಲಿ ಹೊರೆ ಹೊತ್ತು ಬರುತ್ತಿದ್ದವಳು ಲಕ್ಕವ್ವನ ಸ್ವಂತ ಮಗಳು, ಕಾಳಿ. ಹಗ್ಗ ಹರಿದಿರಲಿಲ್ಲ. ಅವಳು ಮಾತ್ರ ಇರಲಿಲ್ಲ.

"ಕೈ ಬಿಟ್ಲು," ಎಂದರು ಊರಿನವರು.

"ನನ್ನ ಮಗಳೇ ಆದ್ರೂ ಹೇಳ್ತೀನಿ, ಕೈ ಬಿಟ್ಟಿದ್ದು ತಪ್ಪೇ," ಎಂದಳು ಲಕ್ಕವ್ವ. ಅಷ್ಟು ಹೇಳಿ ಮತ್ತೆ ಆ ಮಾತು ಎತ್ತಲಿಲ್ಲ. ಅವಳ ಎದೆ ಕಲ್ಲು ಎಂದು ಜನ ಅಂದುಕೊಂಡರು. ಕಾಳಿಯ ಪುಟ್ಟ ಮಗಳು ದ್ಯಾವಿಗೆ ಮಾತ್ರ ರಾತ್ರಿ ಅಜ್ಜಿಯ ಪಕ್ಕ ಮಲಗಿದಾಗ ಆ ಎದೆ ಏದುಸಿರು ಬಿಡುವುದು ಕೇಳುತ್ತಿತ್ತು.

ದ್ಯಾವಿಗೆ ಅವ್ವನ ಮೇಲೆ ಸಿಟ್ಟಿತ್ತು. ಹೌದು, ಸಿಟ್ಟು. ನಾನಿದ್ದೆನಲ್ಲ, ನನ್ನನ್ನು ನೆನೆದಾದರೂ ಗಟ್ಟಿಯಾಗಿ ಹಿಡಿಯಬಾರದಿತ್ತೇ ಎಂದು ಅವಳು ಅಳುತ್ತಿದ್ದಳು. ಅಳುವಾಗ ಹುಲ್ಲಿನ ಬಣವೆಯ ಹಿಂದೆ ಹೋಗಿ ಕೂರುತ್ತಿದ್ದಳು.

ಅಲ್ಲಿಯೇ ಅವಳಿಗೆ ಬೂದ ಸಿಕ್ಕಿದ್ದು.

ಬೂದ ಒಂದು ನಾಯಿಮರಿ. ಒಲೆಯ ಬೂದಿಯಲ್ಲಿ ಹೊರಳಾಡಿ ಬಂದ ಬಣ್ಣ, ಅಳತೆ ಮೀರಿದ ಕಿವಿ. ಅದರ ತಾಯಿಯನ್ನೂ ಮಂಜು ಕರೆದುಕೊಂಡು ಹೋಗಿತ್ತು. ಮರಿಯ 'ಕುಂಯ್' ಎನ್ನುವ ದನಿಯನ್ನು ಕದ್ದು, ಹೊಳೆಯ ಕಡೆಯಿಂದ ಕುಂಯ್‌ಗುಟ್ಟಿತ್ತು. ತಾಯಿ ನಾಯಿ ಮರಿಯನ್ನು ಹುಡುಕಿಕೊಂಡು ಓಡಿತ್ತು. ಮರಿ ಬಣವೆಯ ಹಿಂದೆ ಬೆಚ್ಚಗೆ ಮಲಗಿತ್ತು. ಆಮೇಲೆ ಎದ್ದು ನೋಡಿದರೆ ಅಮ್ಮ ಇಲ್ಲ.

ಅವತ್ತಿನಿಂದ ಬೂದನಿಗೆ ಎಲ್ಲದಕ್ಕೂ ಹೆದರಿಕೆ. ಎಲೆ ಅಲುಗಿದರೆ ಹೆದರಿಕೆ, ತನ್ನ ಬಾಲ ತಾನೇ ಕಂಡರೂ ಹೆದರಿಕೆ. ದ್ಯಾವಿ ಎಲ್ಲಿ ಹೋದರೂ ಹಿಂದೆ ಹೋಗುತ್ತಿತ್ತು. ಅವಳು ಹೊಲಕ್ಕೆ ಹೋದರೆ ಅದೂ ಹೊಲಕ್ಕೆ. ಹಾಗಾದರೆ ಸಂಜೆ ಅದೂ ತಗ್ಗು ದಾಟಿ ಬರಬೇಕಲ್ಲ? ಹಗ್ಗ ಹಿಡಿಯಲು ಅದಕ್ಕೆ ಕೈಯಿಲ್ಲ.

ಅದಕ್ಕೇ ದ್ಯಾವಿ ಪುಂಡಿಯ ನಾರಿನಲ್ಲಿ ಒಂದು ತುಂಡು ದಾರ ಹೊಸೆದಳು. ಒಂದು ತುದಿಯನ್ನು ಬೂದನ ಕೊರಳಿಗೆ ಕಟ್ಟಿದಳು, ಇನ್ನೊಂದನ್ನು ತನ್ನ ನಡುವಿಗೆ ಕಟ್ಟಿಕೊಂಡಳು.

"ನಡಿಯೋ ಬೂದಾ," ಎಂದಳು.

"ಒಲ್ಲೆ. ಕೊರಳಿಗೆ ಏನೋ ಸುತ್ತಿದೆ. ಹಾವಾ?" ಎಂದಿತು ಬೂದ.

"ಹಾವಲ್ಲ ಕಣೋ, ದಾರ. ಮೂಸಿ ನೋಡು."

ಬೂದ ಮೂಸಿತು. ದ್ಯಾವಿಯ ಕೈಯ ವಾಸನೆ, ರಾಗಿ ರೊಟ್ಟಿಯ ವಾಸನೆ.

"ಇದು ನನ್ನನ್ನ ತಿನ್ನಲ್ವಾ?"

"ತಿನ್ನಲ್ಲ."

"ಆದ್ರೂ ಒಲ್ಲೆ," ಎಂದು ಬೂದ ಅಂಗಾತ ಮಲಗಿ ನಾಲ್ಕೂ ಕಾಲು ಮೇಲೆತ್ತಿಬಿಟ್ಟಿತು.

ನೋಡುತ್ತಿದ್ದ ಲಕ್ಕವ್ವನಿಗೆ ರೇಗಿತು. "ಏನೇ ಅದು, ಮದುವಣಗಿತ್ತೀನ ಕರ್ದಂಗೆ ಬೇಡ್ಕತಾ ಇದ್ದೀಯ? ಎಳಿ. ಎಳೆದ್ರೆ ಬರದೇ ಇರೋ ಜೀವ ಯಾವ್ದದೆ?"

ನಿಜ, ಆ ಕಾಲದಲ್ಲಿ ಎಳೆದರೆ ಎಲ್ಲವೂ ಬರುತ್ತಿದ್ದವು. ಹಸು ಬರುತ್ತಿತ್ತು, ಕುರಿ ಬರುತ್ತಿತ್ತು, ಮನುಷ್ಯರು ಬರುತ್ತಿದ್ದರು. ದ್ಯಾವಿಗೆ ಮಾತ್ರ ಎಳೆಯಲು ಮನಸ್ಸು ಬರಲಿಲ್ಲ. ಅವಳು ಒಂದು ಹೆಜ್ಜೆ ಹೋದಳು, ದಾರ ಸಡಿಲ ಬಿಟ್ಟಳು. ಕುಕ್ಕರಗಾಲಿನಲ್ಲಿ ಕೂತು ಕೈ ಚಾಚಿದಳು. ಬೂದ ಒಂದು ಕಣ್ಣು ತೆರೆದು ನೋಡಿತು. ಎದ್ದು ಬಂದು ಕೈ ಮೂಸಿತು. ಅವಳು ಇನ್ನೊಂದು ಹೆಜ್ಜೆ ಹೋದಳು, ಮತ್ತೆ ಕೂತಳು, ಮತ್ತೆ ಕೈ ಚಾಚಿದಳು. ಮತ್ತೆ ಬಂದು ಮೂಸಿತು. ಕಣದ ತುಂಬ ಹೀಗೇ ಓಡಾಡಿದರು. ಕೆಲವು ದಿನದಲ್ಲಿ ಬೂದ ಕಲಿತುಕೊಂಡಿತು. ದಾರ ಸ್ವಲ್ಪ ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ಮತ್ತೆ ಬಿಗಿ, ಮತ್ತೆ ಸಡಿಲ. ಅದು ದ್ಯಾವಿಯ ಹೆಜ್ಜೆ. ಆ ಹೆಜ್ಜೆಯ ಹಿಂದೆ ತಾನು ಹೋಗಬೇಕು.

ಕಣದಲ್ಲಿ ಕಲಿತದ್ದು ಕಣದಲ್ಲೇ ಉಳಿಯಿತು. ತಗ್ಗಿನಲ್ಲಿ ಮಂಜು ಕಂಡ ಕೂಡಲೇ ಬೂದನ ಕಾಲು ನಡುಗುತ್ತಿತ್ತು, ಅದು ಕೂತುಬಿಡುತ್ತಿತ್ತು. ದ್ಯಾವಿ ನಿಲ್ಲುತ್ತಿದ್ದಳು. ಅವಳಿಗಾಗಿ ಹಗ್ಗ ಹಿಡಿದ ಊರೆಲ್ಲ ಮಂಜಿನೊಳಗೆ ನಿಲ್ಲಬೇಕಾಗುತ್ತಿತ್ತು. ಯಾರೂ ಬಾಯಿ ಬಿಡುವಂತಿಲ್ಲವಾದ್ದರಿಂದ ಬೈಗುಳವೆಲ್ಲ ದಿಣ್ಣೆ ಹತ್ತಿದ ಮೇಲೆ ಬೀಳುತ್ತಿತ್ತು.

ಕೊನೆಗೆ ಲಕ್ಕವ್ವ ಹೇಳಿದಳು, "ನಾಳೆಯಿಂದ ನೀನೂ ನಿನ್ನ ಮರೀನೂ ಹಗ್ಗದ ಕೊನೇಲಿ ಬನ್ನಿ. ನಾಳೆ ಅದು ಕೂತ್ರೆ ದಾರ ಬಿಚ್ಚಿ ಬಿಟ್ಟು ಬರ್ಬೇಕು. ಒಂದು ಮರಿಗೋಸ್ಕರ ಊರು ಕಳೆಯಾಕಾಗಾಕಿಲ್ಲ."

"ಬಿಟ್ರೆ ಅದನ್ನ ಮಂಜು ತಿಂತದೆ, ಅಜ್ಜಿ."

"ಗೊತ್ತು," ಎಂದಳು ಲಕ್ಕವ್ವ. ಮೊಮ್ಮಗಳ ಮುಖ ನೋಡದೆ ಎದ್ದು ಹೋದಳು.

ಅವತ್ತು ರಾತ್ರಿ ದ್ಯಾವಿ ಬೂದನ ಕಿವಿಯಲ್ಲಿ ಹೇಳಿದಳು, "ನಾಳೆ ಒಂದಿನ ನಡಿಯೋ. ಹೆದರ್ಕೊಂಡಾದ್ರೂ ನಡಿ." ಬೂದ ಅವಳ ಗದ್ದ ನೆಕ್ಕಿತು.

ಮಾರನೆ ಸಂಜೆ ಮಂಜು ಎಂದಿಗಿಂತ ಬೇಗ ಬಂತು, ಎಂದಿಗಿಂತ ದಪ್ಪವಾಗಿ ಬಂತು. ಜನ ಸದ್ದಿಲ್ಲದೆ ಹಗ್ಗ ಹಿಡಿದರು. ಮುಂದೆ ಲಕ್ಕವ್ವ, ಎಲ್ಲರ ಹಿಂದೆ ದ್ಯಾವಿ, ದ್ಯಾವಿಯ ಹಿಂದೆ ಬೂದ. ತಗ್ಗಿಗೆ ಇಳಿಯುತ್ತಿದ್ದ ಹಾಗೇ ಮುಂದಿನವರ ಬೆನ್ನು ಮಾಯವಾಯಿತು. ಆಮೇಲೆ ದ್ಯಾವಿಗೆ ತನ್ನ ಕೈಯೂ ಕಾಣದಾಯಿತು.

ಬೂದ ನಡೆಯಿತು. ನಡುಗುತ್ತಲೇ ನಡೆಯಿತು. ದ್ಯಾವಿಗೆ ಖುಷಿಯೋ ಖುಷಿ. ಕೂಗಿ ಹೇಳುವ ಹಾಗಿಲ್ಲ. ಅದಕ್ಕೆ ಮನಸ್ಸಿನಲ್ಲೇ 'ಭಲೇ ಬೂದಾ' ಎಂದಳು.

ತಗ್ಗಿನ ನಡುವೆ ದಾರ ಅವಳ ಕಾಲಿಗೆ ಸುತ್ತಿಕೊಂಡಿತು. ಬಿಡಿಸಿಕೊಳ್ಳಲು ಬಗ್ಗಿದಳು. ಬಗ್ಗುವಾಗ ಹಗ್ಗವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದಳು. ಅಷ್ಟೇ ಮಾಡಿದ್ದು. ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿಯುವ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ಹಗ್ಗ ಯಾವ ಕೈಯಲ್ಲೂ ಇರಲಿಲ್ಲ.

ಎಡಗೈಗೆ ಹಗ್ಗ ಸಿಕ್ಕಿತು. ಹಿಡಿದಳು.

ಹಗ್ಗ ಒದ್ದೆಯಾಗಿತ್ತು. ಮಂಜಿನಲ್ಲಿ ಒದ್ದೆಯಾಗುವುದು ಹೊಸತೇನಲ್ಲ. ತಣ್ಣಗಿತ್ತು, ಅದೂ ಹೊಸತಲ್ಲ. ಅದೇ ದಪ್ಪ, ಅದೇ ಹುರಿ. ಮೆಲ್ಲಗೆ ಎಳೆಯಿತು. ಅಜ್ಜಿ ಹೇಳಿಕೊಟ್ಟ ಹಾಗೆ, ಎಳೆದ ಕಡೆಗೆ ದ್ಯಾವಿ ಕಾಲು ಹಾಕಿದಳು.

ಆಗ ಬೂದ ಕೂತುಬಿಟ್ಟಿತು.

ಇವತ್ತು ಕೂತರೆ ಬಿಟ್ಟು ಬಾ ಎಂದಿದ್ದಳಲ್ಲ ಅಜ್ಜಿ! ದ್ಯಾವಿ ದಾರ ಹಿಡಿದು ಜಗ್ಗಿದಳು. ಬೂದ ಮುಂಗಾಲು ಊರಿತು. ಇನ್ನೂ ಜಗ್ಗಿದಳು. ಅದು ಹಿಂಗಾಲನ್ನೂ ಕೆಸರಿಗೆ ಒತ್ತಿ, ಕೊರಳು ಬಿಗಿದರೂ ಅಲ್ಲಾಡಲಿಲ್ಲ. ಮುಂದಿನಿಂದ ಹಗ್ಗ ಎಳೆಯುತ್ತಿದೆ, ಹಿಂದಿನಿಂದ ಮರಿ ಎಳೆಯುತ್ತಿದೆ, ನಡುವೆ ಹುಡುಗಿ. ಹಗ್ಗ ಬಿಟ್ಟರೆ ತಾನಿಲ್ಲ. ದಾರ ಬಿಚ್ಚಿದರೆ ಬೂದ ಇಲ್ಲ.

ಅವಳು ಒಂದು ಕೈಯಲ್ಲಿ ನಡುವಿನ ಗಂಟು ಬಿಚ್ಚಲು ಹೋದಳು ಮಗು. ಹೌದು, ಬಿಚ್ಚಲು ಹೋದಳು. ಮುಖ ಹಿಂಡಬೇಡ, ಆ ಬಿಳಿಯೊಳಗೆ ನಿಂತಿದ್ದರೆ ನೀನೂ ನಾನೂ ಅದನ್ನೇ ಮಾಡುತ್ತಿದ್ದೆವು. ಆದರೆ ನಾರು ನೆನೆದು ಗಂಟು ಬಿಗಿದುಕೊಂಡಿತ್ತು. ಬೆರಳು ಜಾರಿತು. ಅಳು ಬಂತು. ತಡೆಯಲಾರದೆ ಅವಳು ಪಿಸುಗುಟ್ಟಿಬಿಟ್ಟಳು, "ಯಾಕೋ ಬೂದಾ?"

ಎದುರಿಗೆ, ಹಗ್ಗದ ಆ ತುದಿಯಿಂದ, ಅವಳದೇ ದನಿ ಕೇಳಿಸಿತು.

"ಯಾಕೋ ಬೂದಾ?"

ಮುಂದೆ ಅಜ್ಜಿ ಇರಬೇಕಿತ್ತು. ಊರಿರಬೇಕಿತ್ತು. ಅಲ್ಲಿ ದ್ಯಾವಿಯ ದನಿಯೇ ನಿಂತು ಅವಳನ್ನು ಕರೆಯುತ್ತಿತ್ತು. ಹಗ್ಗ ಇನ್ನೂ ಎಳೆಯುತ್ತಿತ್ತು, ಮೆಲ್ಲಗೆ, ಒಂದೇ ಸಮ. ಆಗ ಅವಳಿಗೆ ಗೊತ್ತಾಯಿತು. ಅಜ್ಜಿ ನಡೆಯುವಾಗ ಹಗ್ಗ ಒಂದು ಹೆಜ್ಜೆಗೆ ಬಿಗಿಯುತ್ತದೆ, ಒಂದು ಹೆಜ್ಜೆಗೆ ಸಡಿಲುತ್ತದೆ. ಈ ಹಗ್ಗ ಸಡಿಲುತ್ತಲೇ ಇರಲಿಲ್ಲ. ಇದನ್ನು ಎಳೆಯುತ್ತಿರುವವರಿಗೆ ಕಾಲೇ ಇಲ್ಲ. ಬೂದ ಕೂತದ್ದು ಅದಕ್ಕೇ.

ದಿನವೂ ತನ್ನೊಳಗೆ ಹಾದುಹೋಗುವ ಹಗ್ಗವನ್ನು ನೋಡಿ ನೋಡಿ ಮಂಜು ಹಗ್ಗವಾಗುವುದನ್ನು ಕಲಿತುಬಿಟ್ಟಿತ್ತು.

ಬಿಡಲು ನೋಡಿದಳು. ಅದು ಬೆರಳ ಸಂದಿಗೆಲ್ಲ ತಣ್ಣಗೆ ಸುತ್ತಿಕೊಂಡಿತ್ತು. "ಯಾಕೋ ಬೂದಾ? ಯಾಕೋ ಬೂದಾ?" ಎಂದು ಎಡದಿಂದ ಕೇಳಿತು, ಬಲದಿಂದ ಕೇಳಿತು, ತಗ್ಗೆಲ್ಲ ಅದೇ ಕೂಗು. ಅವಳ ಕಾಲು ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಹಗ್ಗ ಎಳೆದರೆ ನಡೆ ಎಂದು ಕಲಿತ ಕಾಲು ಅದು.

"ಕೂತ್ಕೋ ಮಗಳೇ," ಎಂದಿತು ಕಾಲ ಬುಡದಲ್ಲಿ ಒಂದು ದನಿ. "ಮರಿ ಕೂತ ಹಾಗೆ ನೀನೂ ಕೂತ್ಕೋ. ಇನ್ನು ಮುಂದೆ ನೆಲ ಇಲ್ಲ. ನಾನಿದ್ದೀನಿ."

ಅದು ಹೊಳೆ. ಮಂಜಿಗೆ ಕದ್ದ ಮಾತು ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಇದು ಯಾರೂ ಯಾರಿಗೂ ಆಡಿರದ ಮಾತು. ದ್ಯಾವಿ ದೊಪ್ಪನೆ ಕೆಸರಿನಲ್ಲಿ ಕೂತಳು. ಬೂದನ ಹಾಗೆ ಹಿಮ್ಮಡಿ ಊರಿದಳು.

ಹಗ್ಗ ಎಳೆಯಿತು. ಅವಳು ಏಳಲಿಲ್ಲ. ಇನ್ನೂ ಎಳೆಯಿತು. ಅವಳು ಒಂದು ಬೆರಳಷ್ಟೂ ಜರುಗಲಿಲ್ಲ. ಮಂಜಿಗೆ ಸ್ವಂತ ಬಲ ಎಲ್ಲಿತ್ತು? ನಡೆಯುವವರ ಕಾಲಿನ ಬಲವೇ ಅದರ ಬಲವಾಗಿತ್ತು. ಕೂತವರನ್ನು ಅದು ಏನೂ ಮಾಡಲಾರದು. ಆದರೂ ಬಿಡಲಿಲ್ಲ. ಬೆರಳು ಸುತ್ತಿಕೊಂಡೇ ಕಾಯಿತು, ಎಂದಾದರೂ ಏಳುತ್ತಾಳಲ್ಲ ಎಂದು.

"ನಿಮ್ಮವ್ವನೂ ಇದೇ ಹಗ್ಗ ಹಿಡ್ಕೊಂಡು ಬಂದಳು," ಎಂದಿತು ಹೊಳೆ. ಅದೂ ನಡುಗುತ್ತಿತ್ತು. "ಹೊರೆ ಬದಲಾಯಿಸುವಾಗ ಕೈಗೆ ಸಿಕ್ಕಿತು. ಎಷ್ಟು ಗಟ್ಟಿಯಾಗಿ ಹಿಡಿದಿದ್ದಳು ಗೊತ್ತಾ? ನಾನು ಬೇಡ ಬೇಡ ಅಂದೆ. ಆದರೆ ಮಂಜಿನೊಳಗೆ ಯಾರ ಮಾತೂ ಕೇಳಬೇಡ ಅಂತ ಅವಳಿಗೆ ಹೇಳಿಕೊಟ್ಟಿದ್ದರಲ್ಲ. ಅವಳು ಕೇಳಲಿಲ್ಲ."

ದ್ಯಾವಿ ಬಾಯಿಗೆ ಬಟ್ಟೆಯ ಅಂಚು ತುರುಕಿಕೊಂಡು ಅತ್ತಳು.

ಅತ್ತ ದಿಣ್ಣೆಯ ಮೇಲೆ ಹಗ್ಗದ ಕೊನೆ ಬರಿದಾಗಿ ಬಂತು. ಲಕ್ಕವ್ವ ಅದನ್ನು ಕೈಯಲ್ಲಿ ಹಿಡಿದು ನೋಡಿದಳು. "ಕೈ ಬಿಟ್ಲು," ಎಂದು ಯಾರೋ ಅಂದರು. ಹೋದವರ ಹಿಂದೆ ಯಾರೂ ಹೋಗಬಾರದು ಎಂದು ನೇಮ ಮಾಡಿದವಳು ಲಕ್ಕವ್ವನೇ. ಮಗಳಿಗಾಗಿಯೂ ಆ ನೇಮ ಮುರಿದಿರಲಿಲ್ಲ. ಇವತ್ತು ಹಗ್ಗದ ಒಂದು ತುದಿಯನ್ನು ಬಾಗಿಲ ಕಂಬಕ್ಕೆ ಕಟ್ಟಿದಳು, ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡಳು, ಮಂಜಿಗೆ ಇಳಿದಳು.

ತಗ್ಗೆಲ್ಲ "ಯಾಕೋ ಬೂದಾ" ಎನ್ನುತ್ತಿತ್ತು. ಆ ಕೂಗನ್ನು ಕೇಳಿಕೊಂಡು, ಮಂಜು ಜನರನ್ನು ಎತ್ತ ಒಯ್ಯುತ್ತದೋ ಅತ್ತ ನಡೆದಳು. ಹಗ್ಗ ಮುಗಿಯುವವರೆಗೂ ನಡೆದಳು. ಸೊಂಟ ಬಿಗಿಯಿತು, ಇನ್ನು ಮುಂದಕ್ಕೆ ಹೋಗಲಾಗದು. ಬಗ್ಗಿ ಕೆಸರನ್ನು ತಡಕಿದಳು. ಕೈಗೆ ಒಂದು ದಾರ ಸಿಕ್ಕಿತು. ದ್ಯಾವಿಗೂ ಬೂದನಿಗೂ ನಡುವಿನ ದಾರ.

ಜೀವ ಬಾಯಿಗೆ ಬಂದ ಮುದುಕಿ, ದಾರ ಹಿಡಿದು ಇದ್ದ ಬಲವನ್ನೆಲ್ಲ ಹಾಕಿ ಎಳೆದಳು. ಒಂದೇ ಸಮ ಎಳೆದಳು. ಮಾತಾಡಲಿಲ್ಲ. ನೇಮ ಅವಳ ನಾಲಿಗೆಯಲ್ಲಿ ಹಾಗೆ ಕೂತಿತ್ತು.

ಬೂದ ಕಿರ್ರೋ ಎಂದಿತು, ನಾಲ್ಕೂ ಕಾಲು ಊರಿತು. ದ್ಯಾವಿಗೆ ನಡುವಿನ ದಾರ ಬಿಗಿಯಿತು. ಅಯ್ಯೋ, ಈಗ ಹಿಂದಿನಿಂದಲೂ ಬಂತಲ್ಲ ಎಂದುಕೊಂಡು ಅವಳು ಕೆಸರಿನ ಮೇಲೆ ಬೋರಲು ಬಿದ್ದು ಹುಲ್ಲನ್ನು ಕಚ್ಚಿ ಹಿಡಿದಳು. ಅಜ್ಜಿ ಎಳೆದಷ್ಟೂ ಮೊಮ್ಮಗಳು ಗಟ್ಟಿಯಾದಳು. ಇನ್ನೂ ಎಳೆದಳು. ಇನ್ನೂ ಗಟ್ಟಿಯಾದಳು. ಕಾಪಾಡಲು ಬಂದವಳು ಎಳೆಯುತ್ತಿದ್ದಳು, ಅವಳಿಂದ ತಪ್ಪಿಸಿಕೊಳ್ಳಲು ಮಗು ಒದ್ದಾಡುತ್ತಿತ್ತು.

ಲಕ್ಕವ್ವನ ಕೈ ಸೋತಿತು. ಎಳೆದರೆ ಬರದ ಜೀವ ಯಾವುದಿದೆ ಎಂದಿದ್ದಳಲ್ಲ, ಈಗ ಎಳೆದರೆ ಬರುತ್ತಿಲ್ಲ. ಕಣದಲ್ಲಿ ದ್ಯಾವಿ ಕುಕ್ಕರಗಾಲಿನಲ್ಲಿ ಕೂತು ಕೈ ಚಾಚುತ್ತಿದ್ದದ್ದು ಅವಳ ಕಣ್ಣಿಗೆ ಕಟ್ಟಿತು.

ಮುದುಕಿ ದಾರವನ್ನು ಸಡಿಲ ಬಿಟ್ಟಳು. ಊರಿನ ಯಾರ ಮುಂದೆಯೂ ಬಗ್ಗದವಳು ಕೆಸರಿನಲ್ಲಿ ಮಂಡಿಯೂರಿದಳು. ಅಂಗೈ ಮೇಲೆ ಮಾಡಿ, ಬಿಳಿಯೊಳಗೆ ಕೈ ಚಾಚಿ, ಸುಮ್ಮನೆ ಕೂತಳು.

ಏನೂ ಆಗಲಿಲ್ಲ. ಮಂಜು ಕೂಗುತ್ತಲೇ ಇತ್ತು. ಚಳಿಗೆ ಅವಳ ಕೈ ಮರಗಟ್ಟಿತು. ಈ ಜನ್ಮದಲ್ಲಿ ಆ ಮಗುವನ್ನು ಇನ್ನು ನೋಡುವುದಿಲ್ಲವೇನೋ ಎಂದು ಅವಳಿಗೆ ಹೆದರಿಕೆಯಾಯಿತು. ಮಗಳು ಹೋದ ದಿನ ಅದುಮಿಟ್ಟ ಹೆದರಿಕೆಯೂ ಅದರ ಜೊತೆಗೇ ಬಂತು. ಆದರೂ ಎಳೆಯಲಿಲ್ಲ.

ಆಗ ಬೆರಳ ತುದಿಗೆ ಏನೋ ತಾಕಿತು. ಒದ್ದೆ ಮೂಗು.

ಬೂದ ಮೂಸಿತು. ಹೆಬ್ಬೆರಳು ಮೂಸಿತು, ಅಲ್ಲಿ ಎಲೆಗೆ ಹಚ್ಚುವ ಸುಣ್ಣ. ಅಂಗೈ ಮೂಸಿತು, ಅಲ್ಲಿ ಪುಂಡಿಯ ನಾರು. ಮಣಿಕಟ್ಟು ಮೂಸಿತು, ಅಲ್ಲಿ ಒಲೆಯ ಹೊಗೆ. ಮಂಜು ದನಿ ಕದ್ದಿತ್ತು, ಹಗ್ಗ ಕದ್ದಿತ್ತು. ವಾಸನೆ ಎಂಬುದೊಂದಿದೆ ಎಂದು ಮೂಗಿಲ್ಲದ ಅದಕ್ಕೆ ಗೊತ್ತೇ ಇರಲಿಲ್ಲ.

ಬೂದ ಬಾಲ ಅಲ್ಲಾಡಿಸಿತು. ಎದ್ದು ದ್ಯಾವಿಯ ಹತ್ತಿರ ಹೋಗಿ, ಅವಳ ಕಿವಿ ನೆಕ್ಕಿ, ಮತ್ತೆ ಅಜ್ಜಿಯ ಕೈಗೆ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ದ್ಯಾವಿ ತೆವಳಿಕೊಂಡು ಅದರ ಹಿಂದೆ ಬಂದಳು. ಬೆರಳಿಗೆ ಬಿಸಿ ಅಂಗೈ ಸಿಕ್ಕಿತು. ಅವಳು ತೆವಳಿದ್ದು ಮಂಜು ಎಳೆದ ಕಡೆಗಲ್ಲವಾದ್ದರಿಂದ ಅದರ ಹಗ್ಗ ಎಳೆಎಳೆಯಾಗಿ ಬಿಚ್ಚಿ, ಬರೀ ಹನಿಯಾಗಿ ಬಿತ್ತು.

ಬೂದ ಮುಂದೆ ನಡೆಯಿತು. ಯಾರೂ ಯಾರನ್ನೂ ಎಳೆಯಲಿಲ್ಲ. ದಾರ ಸಡಿಲವಾಗಿಯೇ ಇತ್ತು. ನಾಲ್ಕು ಹೆಜ್ಜೆ ಹೋಗಿ ನೆಲ ಮೂಸುತ್ತಿತ್ತು, ಹಿಂದೆ ತಿರುಗಿ ಇಬ್ಬರೂ ಬರುತ್ತಿದ್ದಾರಾ ಎಂದು ನೋಡುತ್ತಿತ್ತು, ಮತ್ತೆ ನಡೆಯುತ್ತಿತ್ತು. ಹಾಗೇ ದಿಣ್ಣೆ ಹತ್ತಿಸಿತು.

ಬೆಂಕಿಯ ಮುಂದೆ ಕೂತ ಮೇಲೆ ದ್ಯಾವಿ ಹೊಳೆ ಹೇಳಿದ್ದನ್ನೆಲ್ಲ ಹೇಳಿದಳು. ಲಕ್ಕವ್ವ ಕೇಳಿದಳು. ಕೇಳುತ್ತಾ ಕೇಳುತ್ತಾ ಅವಳ ಮುಖ ಹೇಗೋ ಆಯಿತು.

"ಹಂಗಾದ್ರೆ ನಿಮ್ಮವ್ವ ಕೈ ಬಿಡಲಿಲ್ಲ ಕಣೆ," ಎಂದಳು. "ನಾನು ಹೇಳಿದ್ನೇ ಮಾಡಿದ್ಲು." ಅಷ್ಟು ಹೇಳಿ ಸೆರಗು ಮುಖಕ್ಕೆ ಹಾಕಿಕೊಂಡು ಊರೆಲ್ಲ ಕೇಳುವ ಹಾಗೆ ಅತ್ತಳು. ದ್ಯಾವಿಯೂ ಅತ್ತಳು. ಅವ್ವನ ಮೇಲಿದ್ದ ಸಿಟ್ಟು ಅವತ್ತು ಕರಗಿತು, ದುಃಖ ಮಾತ್ರ ಉಳಿಯಿತು.

ಆಮೇಲೆ ಊರಿನ ಪದ್ಧತಿ ಬದಲಾಯಿತು. ಹಗ್ಗದ ಮುಂದೆ ಒಂದು ನಾಯಿ ನಡೆಯುತ್ತಿತ್ತು, ಅದು ಕೂತರೆ ಊರೂ ಕೂರುತ್ತಿತ್ತು. ನಡೆಯುವವರು ಸಿಗದೆ ಮಂಜು ಬಡವಾಯಿತು. ಈಗ ಬಿಸಿಲು ಕಂಡರೆ ಓಡಿಹೋಗುತ್ತದೆ. ಬೂದನೂ ದೊಡ್ಡದಾಯಿತು, ಮರಿಗಳಾದವು, ಮರಿಗಳಿಗೆ ಮರಿಗಳಾದವು. ನಾಯಿಗಳು ಮಾತು ಮರೆತವು. ಆದರೆ ಆ ಒಂದು ಸಂಜೆಯ ಹೆದರಿಕೆಯನ್ನು ಯಾವ ಮರಿಯೂ ಮರೆಯಲಿಲ್ಲ, ಹುಟ್ಟುವಾಗಲೇ ಅದನ್ನು ಕಾಲಿನಲ್ಲಿ ಇಟ್ಟುಕೊಂಡು ಹುಟ್ಟುತ್ತವೆ.

ಅದಕ್ಕೇ ಮಗು, ಇವತ್ತು ಬೆಳಿಗ್ಗೆ ಗೇಟಿನ ಹತ್ತಿರ ನೀನು ಹೊಸ ಬೆಲ್ಟ್ ಹಿಡಿದು ಒಂದೇ ಸಮ ಎಳೆದಾಗ ನಿನ್ನ ಮರಿ ನಾಲ್ಕೂ ಕಾಲು ಊರಿ ಕೂತುಬಿಟ್ಟದ್ದು: ಅದು ಹಟವಲ್ಲ, ಆ ತುದಿಯಲ್ಲಿರುವುದು ನೀನೇನಾ ಎಂದು ಅದು ಹೆದರಿಕೊಂಡು ಕೇಳುತ್ತಿದೆ.